ಶಿಡ್ಲಘಟ್ಟದ ರೂಟಿನಲ್ಲಿ ಒಂದು ಸುತ್ತು

ಮೊಣಕಾಲು ಮುರಿದುಕೊಳ್ಳುವವರೆಗೆ ನಾನು ಗಾಡಿಯ ಮೇಲೆಯೇ ಬದುಕಿದವನು. ಚಿಕ್ಕಬಳ್ಳಾಪುರದ ಒಂದು ಕೊರಿಯರ್ ಆಫೀಸಿನಲ್ಲಿ ಏಳು ವರ್ಷ ಮನೆಮನೆಗೆ ಪಾರ್ಸೆಲ್ ಹಂಚಿದೆ. ಬೆನ್ನಿಗೊಂದು ದೊಡ್ಡ ಚೀಲ, ಟ್ಯಾಂಕಿನ ಮೇಲೆ ಇನ್ನೊಂದು. ಯಾವ ಗಲ್ಲಿ ಎಲ್ಲಿಗೆ ಹೋಗಿ ಸೇರುತ್ತದೆ, ಬೆಟ್ಟ ಹತ್ತಲು ಬಂದವರ ಕಾರುಗಳಿಂದ ಶನಿವಾರ ಕಳವಾರದ ರಸ್ತೆ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಸದ್ದಿಲ್ಲದೆ ಬಂದು ಕಚ್ಚುತ್ತದೆ, ಎಲ್ಲ ಗೊತ್ತಿತ್ತು. ನನ್ನಷ್ಟು ಬೇಗ ಚೀಲ ಖಾಲಿ ಮಾಡಿಕೊಂಡು ಬರುವವರು ಆಫೀಸಿನಲ್ಲಿ ಇನ್ನೊಬ್ಬರಿರಲಿಲ್ಲ. ಅದನ್ನು ಬೇರೆಯವರೂ ಹೇಳುತ್ತಿದ್ದರು, ಅವರು ಮರೆತ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಚಿಂತಾಮಣಿ ರಸ್ತೆಯಲ್ಲಿ ನನ್ನ ಮುಂದೆ ಟೊಮ್ಯಾಟೊ ತುಂಬಿದ ಗಾಡಿಯೊಂದು ಹೋಗುತ್ತಿತ್ತು. ತಿರುವಿನಲ್ಲಿ ಮೇಲಿನ ಕ್ರೇಟು ಜಾರಿ ರಸ್ತೆಗೆ ಬಿತ್ತು. ಕ್ರೇಟನ್ನು ತಪ್ಪಿಸಿದೆ, ಆದರೆ ಟೊಮ್ಯಾಟೊ ಮೇಲೆ ಚಕ್ರ ಜಾರಿತು. ಬಿದ್ದಾಗ ನನಗೆ ನೋವಿಗಿಂತ ಮೊದಲು ಕಂಡದ್ದು ಡಾಂಬರಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಪಾರ್ಸೆಲ್‌ಗಳು. ಅವನ್ನು ಎತ್ತಿಡೋಣ ಎಂದು ಏಳಲು ಹೋದೆ. ಬಲಗಾಲು ನನ್ನ ಜೊತೆ ಏಳಲಿಲ್ಲ.

ಎರಡು ಸಲ ಆಪರೇಷನ್ ಆಯಿತು. ಮೂಳೆ ಕೂಡಿಕೊಂಡಿತು, ಮೊಣಕಾಲು ಮಾತ್ರ ಪೂರ್ತಿ ಮಡಚುವುದನ್ನು ಬಿಟ್ಟಿತು. ಕೋಲು ಹಿಡಿದು ನಡೆಯುತ್ತೇನೆ. ಗೇರ್ ಗಾಡಿ ಓಡಿಸಲು ಆಗದು. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ದಿನಗಳಲ್ಲಿ ನಮ್ಮ ಆಫೀಸಿನ ಯಜಮಾನರು ಒಂದು ಸಂಜೆ ಬಂದರು. ಸ್ವಭಾವದಿಂದ ಮೆತ್ತನೆಯ ಮನುಷ್ಯ, ಆದರೆ ಲಾಭನಷ್ಟ ತಿಳಿದವರು.

"ಕಾಲು ಹೋದ್ರೆ ಏನಾಯ್ತಪ್ಪ, ಊರೆಲ್ಲಾ ನಿನ್ನ ತಲೇಲಿದೆಯಲ್ಲ. ಬಂದು ಕೂತ್ಕೊ. ನಾಳೆಯಿಂದ ರೂಟ್ ಹಾಕು" ಅಂದರು.

ರೂಟ್ ಹಾಕುವುದೆಂದರೆ ಇಷ್ಟು. ಬೆಳಗಿನ ಏಳಕ್ಕೆ ಮುಂಚೆ ಬೆಂಗಳೂರಿನಿಂದ ವ್ಯಾನು ಬರುತ್ತದೆ. ಚೀಲಗಳನ್ನು ಬಿಚ್ಚಿ, ಒಂದೊಂದು ಪಾರ್ಸೆಲನ್ನೂ ಸ್ಕ್ಯಾನ್ ಮಾಡಿ, ಊರು ಊರಿಗೆ ಬೇರೆ ಮಾಡುತ್ತೇವೆ. ಆಮೇಲೆ ಯಾರು ಯಾವ ಕಡೆ ಹೋಗಬೇಕು, ಯಾವ ಮನೆ ಮೊದಲು, ಯಾವುದು ಆಮೇಲೆ, ಬರುವಾಗ ಯಾವ ಯಾವ ಅಂಗಡಿಯಿಂದ ಕಳಿಸುವ ಮಾಲು ಎತ್ತಿಕೊಂಡು ಬರಬೇಕು ಎಂದು ತೀರ್ಮಾನಿಸಬೇಕು. ಕಂಪ್ಯೂಟರ್ ಒಂದು ದಾರಿ ತೋರಿಸುತ್ತದೆ. ಆದರೆ ಅದು ನೆಟ್ಟಗೆ ಗೆರೆ ಎಳೆಯುವ ಯಂತ್ರ. ಗೆರೆಯ ನಡುವೆ ಸಂತೆ ಸೇರಿದೆಯೇ, ಚರಂಡಿ ಅಗೆದಿದ್ದಾರೆಯೇ, ಅದಕ್ಕೆ ತಿಳಿಯದು. ಅದನ್ನು ತಿದ್ದುವುದು ನನ್ನ ಕೆಲಸ. ಗೌರಿಬಿದನೂರಿನ ಚೀಲ ಎಂಟಕ್ಕೆಲ್ಲ ಹೊರಡಬೇಕು. ಶಿಡ್ಲಘಟ್ಟದ್ದು ಎಂಟೂವರೆಗೆ, ಚಿಂತಾಮಣಿಯದು ಅದರ ಹಿಂದೆಯೇ. ನಮ್ಮ ಊರಿನದು ಕೊನೆಗೆ.

ಕೆಲಸ ನನಗೆ ಬೇಗ ಕೈಹತ್ತಿತು. ಪ್ರತಿ ರೂಟಿನಿಂದಲೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಕತ್ತರಿಸಿದೆ. ಹುಡುಗರು ಗೊಣಗಿದರು. "ಏನಣ್ಣಾ, ನಾವೇನು ಹಾರ್ಕೊಂಡು ಹೋಗ್ಬೇಕಾ?" ಎಂದು ಚಿಂತಾಮಣಿಯವನು ಕೇಳಿದ. "ನಾನು ಹೋಗ್ತಿರ್ಲಿಲ್ವಾ?" ಅಂದೆ. ಆ ಒಂದು ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತಿದ್ದರೂ ನನ್ನ ಲೆಕ್ಕದಲ್ಲಿ ಆ ನಾಲ್ಕೂ ರೂಟಿನಲ್ಲಿ ಗಾಡಿ ಓಡಿಸುತ್ತಿದ್ದವನು ನಾನೇ. ಅದೂ ಮೂವತ್ತು ವರ್ಷದ, ಎರಡು ಗಟ್ಟಿ ಮೊಣಕಾಲುಗಳ ನಾನು.

ನಾನು ಆ ಕುರ್ಚಿಗೆ ಬಂದು ಒಂದು ವರ್ಷವಾಗಿರಬೇಕು, ಶಿಡ್ಲಘಟ್ಟದ ರೂಟಿಗೆ ಒಬ್ಬ ಹೆಂಗಸು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗೌರಿಬಿದನೂರಿನ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಹತ್ತು ವರ್ಷ ಹೊಲಿಗೆ ಮಾಡಿ, ಕೂತು ಕೂತು ಸಾಕಾಯಿತೆಂದು ಬಿಟ್ಟವರು. ಗಂಡ ಬಸ್ಸಿನಲ್ಲಿ ಕಂಡಕ್ಟರ್, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಸ್ವಂತ ಸ್ಕೂಟರಿನಲ್ಲೇ ಬಂದು ಯಜಮಾನರ ಮುಂದೆ ನಿಂತರು.

"ಶಿಡ್ಲಘಟ್ಟ ಗೊತ್ತೇನಮ್ಮಾ?" ಎಂದು ಯಜಮಾನರು ಕೇಳಿದರು.

"ನನ್ನ ತವರು ದಿಬ್ಬೂರಹಳ್ಳಿ ಸಾರ್. ರೇಷ್ಮೆ ಹುಳ ಮೇಯಿಸೋ ಮನೆ. ಚಿಕ್ಕವಳಿದ್ದಾಗ ನಮ್ಮಪ್ಪನ ಜೊತೆ ಗೂಡಿನ ಮೂಟೆ ಮೇಲೆ ಕೂತು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗ್ತಿದ್ದೆ. ನೂಲು ತೆಗೆಯೋರ ಗಲ್ಲಿ ಒಂದೊಂದೂ ಗೊತ್ತು."

ಗಲ್ಲಿಗಳು ಅವರಿಗೆ ನಿಜವಾಗಿಯೂ ಗೊತ್ತಿದ್ದವು. ಶಿಡ್ಲಘಟ್ಟದ ವಿಳಾಸಗಳಲ್ಲಿ ಅರ್ಧಕ್ಕರ್ಧ 'ಮಸೀದಿ ಹಿಂದೆ', 'ನೀರಿನ ಟ್ಯಾಂಕ್ ಪಕ್ಕ' ಎಂದಷ್ಟೇ ಇರುತ್ತದೆ. ಮೊದಲಿನವರು ಮನೆ ಸಿಗಲಿಲ್ಲವೆಂದು ದಿನಕ್ಕೆ ಏಳೆಂಟು ಪಾರ್ಸೆಲ್ ವಾಪಸ್ ತರುತ್ತಿದ್ದರು. ಇವರು ಒಂದನ್ನೂ ತರುತ್ತಿರಲಿಲ್ಲ. ಮಧ್ಯಾಹ್ನ ಗಂಡಸರಿಲ್ಲದ ಮನೆಗಳಲ್ಲಿ ಹೆಂಗಸರು ಇವರಿಗಾದರೆ ಬಾಗಿಲು ತೆಗೆಯುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಹಾಗನ್ನಬೇಡಿ ಎಂದರೂ ಬಿಡಲಿಲ್ಲ.

ಒಂದೇ ತೊಂದರೆ. ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವರು ಅವರೇ.

ಹಂಚುವವರ ಜೇಬಿನ ಫೋನು ಅವರು ಎಲ್ಲಿದ್ದಾರೆಂದು ನನ್ನ ಕಂಪ್ಯೂಟರಿನಲ್ಲಿ ಒಂದು ಚುಕ್ಕೆಯಾಗಿ ತೋರಿಸುತ್ತಿರುತ್ತದೆ. ಒಂದು ವಾರ ಅವರ ಚುಕ್ಕೆಯನ್ನೇ ಗಮನಿಸಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಊರೊಳಗಿನ ಮನೆಗಳು ಮುಗಿಯುತ್ತಿದ್ದವು. ಅಲ್ಲಿಂದ ನೆಟ್ಟಗೆ ದಿಬ್ಬೂರಹಳ್ಳಿ ರಸ್ತೆಯ ಹೊಸ ಬಡಾವಣೆಗೆ ಹೋಗಬೇಕು. ಚುಕ್ಕೆ ಮಾತ್ರ ಹಾಗೆ ಹೋಗುತ್ತಿರಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಗೆ ಹೋಗಿ, ಹತ್ತು ಹನ್ನೆರಡು ನಿಮಿಷ ಅಲ್ಲಿ ನಿಂತು, ಮತ್ತೆ ಇಡೀ ಊರು ಸುತ್ತಿಕೊಂಡು ಬಡಾವಣೆಗೆ ಹೋಗುತ್ತಿತ್ತು. ದಿನವೂ. ಆ ಗಲ್ಲಿಗೆ ಪಾರ್ಸೆಲ್ ಇರಲಿ, ಇಲ್ಲದಿರಲಿ.

ಒಂದು ಸಂಜೆ ಕೇಳಿಯೇಬಿಟ್ಟೆ. "ಅಕ್ಕಾ, ಮಾರ್ಕೆಟ್ ಹಿಂದೆ ನಿಮ್ಮ ನೆಂಟ್ರು ಯಾರಾದ್ರೂ ಇದ್ದಾರಾ?"

"ಇಲ್ಲವಲ್ಲ ಸಾರ್."

"ಮತ್ತೆ ದಿನಾ ಅಲ್ಲಿ ಯಾಕೆ ನಿಲ್ತೀರಿ?"

ಅವರು ಚೀಲದ ಜಿಪ್ಪನ್ನು ಎಳೆದರು, ಮತ್ತೆ ಹಾಕಿದರು. "ಗಾಡಿ ಬಿಸಿಯಾಗುತ್ತೆ ಸಾರ್. ಒಸಿ ತಣ್ಣಗಾಗ್ಲಿ ಅಂತ."

"ಬಿಸಿಯಾದ್ರೆ ಎಲ್ಲಿ ನಿಂತ್ರೂ ತಣ್ಣಗಾಗುತ್ತಲ್ವಾ ಅಕ್ಕಾ? ಅದಕ್ಕೆ ಊರೆಲ್ಲಾ ಸುತ್ತಬೇಕಾ?"

ಪಕ್ಕದಲ್ಲಿ ಚೀಲ ಮಡಚುತ್ತಿದ್ದ ಗೌರಿಬಿದನೂರಿನವನು ನಕ್ಕ. ಆ ನಗುವಿಗೆ ಅಕ್ಕನ ಮುಖ ಕೆಂಪಾದದ್ದನ್ನು ನೋಡಿದೆ. ಸುಳ್ಳು ಸಿಕ್ಕಿಬಿದ್ದದ್ದಕ್ಕೆ ಎಂದುಕೊಂಡೆ.

ಮರುದಿನದಿಂದ ಆ ಸುತ್ತನ್ನು ಕತ್ತರಿಸಿದೆ. ಬಡಾವಣೆಯಲ್ಲಿ ಮನೆಯಿಂದಲೇ ಸೀರೆ ಮಾರಿ ಕೊರಿಯರ್ ಮಾಡುವ ಹೆಂಗಸೊಬ್ಬರಿದ್ದರು. ಅವರ ಮಾಲನ್ನು ಹನ್ನೊಂದೂಕಾಲಿಗೆ ಎತ್ತಿಕೊಳ್ಳಬೇಕೆಂದು ಸಮಯ ಕಟ್ಟಿದೆ. ಇನ್ನು ಹಿಂದಕ್ಕೆ ತಿರುಗಲು ಬಿಡುವೇ ಇರಲಿಲ್ಲ. ಅಕ್ಕ ಹೊಸ ರೂಟಿನ ಹಾಳೆ ನೋಡಿದರು. ಹೆಲ್ಮೆಟ್ ಹಾಕಿಕೊಂಡು ಹೊರಟರು. ಅಂದಿನಿಂದ ಅವರು ಎಲ್ಲರಿಗಿಂತ ಮೊದಲು ವಾಪಸ್ ಬರತೊಡಗಿದರು. "ನೋಡ್ದೆಯಾ, ನಿನ್ನ ಕೈಗೆ ಕೊಟ್ಟಿದ್ದು ಎಷ್ಟು ಒಳ್ಳೇದಾಯ್ತು" ಎಂದು ಯಜಮಾನರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿದೆ.

ಬೇಸಿಗೆ ಶುರುವಾಗಿತ್ತು. ಮೂರು ವಾರ ಕಳೆದಿರಬಹುದು, ಒಂದು ಬೆಳಿಗ್ಗೆ ಅಕ್ಕ ಬರಲಿಲ್ಲ. ಜ್ವರ, ಸೊಂಟನೋವು ಎಂದು ಮಗಳು ಫೋನ್ ಮಾಡಿದಳು. ಎರಡನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಗ್ಲೂಕೋಸ್ ಹಾಕಿಸಿದ್ದಾರೆಂದು ತಿಳಿಯಿತು. ಅವರ ಮನೆ ನಮ್ಮ ಮನೆಯಿಂದ ಮೂರು ಬೀದಿ ಆಚೆ. ಭಾನುವಾರ ಸಂಜೆ ನಾನೂ ನನ್ನ ಹೆಂಡತಿಯೂ ಮೂಸಂಬಿ ತೆಗೆದುಕೊಂಡು ನೋಡಲು ಹೋದೆವು.

ಅವರ ಗಂಡ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಹೆಂಡತಿ ಒಳಗೆ ಹೋದಳು. ಗಂಡಸರಿಬ್ಬರೂ ಬಸ್ಸಿನ ವಿಷಯ, ಬಿಸಿಲಿನ ವಿಷಯ ಮಾತಾಡಿದೆವು. ಒಳಗಿನ ಮಾತು ತಗ್ಗಿದ ದನಿಯಲ್ಲಿ ಬಹಳ ಹೊತ್ತು ನಡೆಯಿತು.

ಮನೆಗೆ ಮರಳುವಾಗ ಹೆಂಡತಿ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ನಮ್ಮ ಬೀದಿ ಬಂದಾಗ ನಿಂತಳು.

"ನೀನು ಗಾಡಿ ಓಡಿಸ್ತಿದ್ದಾಗ ಒಂದಕ್ಕೆ ಎಲ್ಲಿಗೆ ಹೋಗ್ತಿದ್ದೆ?"

ನಡುಬೀದಿಯಲ್ಲಿ ಇದೆಂಥ ಪ್ರಶ್ನೆ ಎಂದು ನನಗೆ ನಗು ಬಂತು. "ಎಲ್ಲಾದ್ರೂ ಹೋಗ್ತಿದ್ದೆ. ಮರ, ಮೋರಿ, ಗೋಡೆ. ಯಾಕೆ?"

"ಆಯಮ್ಮ ಎಲ್ಲಿಗೆ ಹೋಗ್ಬೇಕು?"

ನನ್ನ ನಗು ನಿಂತಿತು.

"ಬೆಳಿಗ್ಗೆ ಏಳಕ್ಕೆ ಮನೆ ಬಿಟ್ರೆ ಸಾಯಂಕಾಲ ನಾಲ್ಕಕ್ಕೆ ವಾಪಸ್. ಅಲ್ಲಿ ಯಾರೋ ಒಂದು ಮನೆಯವರು ಕರೆದು ಬಚ್ಚಲುಮನೆ ತೋರ್ಸಿದ್ರಂತೆ. ದಿನಾ ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗಿ ಬರ್ತಿದ್ರಂತೆ. ನೀನು ಅದನ್ನ ತಪ್ಪಿಸ್ದೆ. ನಿಂಗೆ ಹೇಳೋಕೆ ನಾಚ್ಕೆ. ಹೋಗ್ದೆ ಇರೋಕೆ ಅಂತ ನೀರು ಕುಡಿಯೋದನ್ನೇ ಬಿಟ್ರಂತೆ, ಈ ಬಿಸ್ಲಲ್ಲಿ. ಮೂತ್ರದ ಸೋಂಕು, ಕಿಡ್ನಿ ಹತ್ರ ಹೋಗಿದೆ ಅಂದ್ರಂತೆ ಡಾಕ್ಟ್ರು."

ಆ ರಾತ್ರಿ ಮಲಗಿ ಆ ರೂಟನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸಿದೆ. ಏಳು ವರ್ಷ ಆ ರಸ್ತೆಗಳಲ್ಲಿ ಓಡಾಡಿದ್ದೆ. ಗುಂಡಿ, ನಾಯಿ, ಗೇಟು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಇದೊಂದು ನನ್ನ ತಲೆಗೆ ಬಂದೇ ಇರಲಿಲ್ಲ. ಗೌರಿಬಿದನೂರಿನವನು ನಕ್ಕಾಗ ನಾನೂ ಒಳಗೊಳಗೆ ನಕ್ಕಿದ್ದೆನೇನೋ. ಅದು ನೆನಪಾದಾಗಲೆಲ್ಲ ಮೈ ಹಿಡಿಯಾಗುತ್ತಿತ್ತು.

ಒಟ್ಟು ಹತ್ತು ದಿನ ಮಲಗಿದ್ದು ಅಕ್ಕ ಕೆಲಸಕ್ಕೆ ಬಂದರು. ಸೊರಗಿದ್ದರು. ಬೇರೆಯವರೆಲ್ಲ ಹೊರಡುವವರೆಗೆ ಕಾದೆ. ಆಮೇಲೆ ಅವರ ಹತ್ತಿರ ಹೋಗಿ, "ಅಕ್ಕಾ, ಇವತ್ತು ನಾನೂ ನಿಮ್ಮ ಗಾಡಿ ಹಿಂದೆ ಬರ್ತೀನಿ" ಅಂದೆ.

ಅವರು ನನ್ನ ಕೋಲು ನೋಡಿದರು. "ಯಾಕೆ ಸಾರ್? ನಾನು ಇನ್ನ ಎಲ್ಲೂ ನಿಲ್ಲಲ್ಲ."

"ಅದಕ್ಕಲ್ಲ. ರೂಟ್ ನೋಡಬೇಕು."

"ಅದೇನು ನೋಡೋ ಅಂಥದ್ದಲ್ಲ ಸಾರ್" ಎಂದರು. ನಾನು ಹಟ ಹಿಡಿದೆ. ಇಬ್ಬರ ನಡುವೆ ಒಂದು ಸಣ್ಣ ಚೀಲ, ಮುಂದೆ ಕಾಲಿಡುವ ಜಾಗದಲ್ಲಿ ದೊಡ್ಡ ಚೀಲ, ಹಿಂದೆ ಬಲಗಾಲು ಚಾಚಿಕೊಂಡು ನಾನು. ಅವತ್ತು ಬೇಕೆಂದೇ ಸ್ವಲ್ಪ ಕಡಿಮೆ ಪಾರ್ಸೆಲ್ ಹಾಕಿಸಿದ್ದೆ. ಆಫೀಸು ನೋಡಿಕೊಳ್ಳಲು ಯಜಮಾನರೇ ಕೂತರು.

ಗಾಡಿಯ ಮೇಲೆ ಕೂತು ವರ್ಷಗಳಾಗಿದ್ದವು. ಗಾಳಿ ಮುಖಕ್ಕೆ ಬಡಿದಾಗ ಒಂದು ಗಳಿಗೆ ಎಲ್ಲ ಮರೆತೆ. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟಗಳು, ದ್ರಾಕ್ಷಿ ಚಪ್ಪರಗಳು. ಶಿಡ್ಲಘಟ್ಟದ ಗಲ್ಲಿ ಹೊಕ್ಕ ಕೂಡಲೇ ಬೇಯಿಸಿದ ಗೂಡಿನ ವಾಸನೆ. ಅಕ್ಕನ ಕೆಲಸ ನೋಡಿದೆ. ಗಾಡಿ ನಿಲ್ಲಿಸುವ ಮೊದಲೇ ಪಾರ್ಸೆಲ್ ಕೈಯಲ್ಲಿರುತ್ತಿತ್ತು. ಬಾಗಿಲು ಬಡಿಯುತ್ತಿರಲಿಲ್ಲ, "ಕೊರಿಯರ್ ಅಮ್ಮಾ" ಎಂದು ಒಂದು ಕೂಗು. ಆ ದನಿಗೇ ಬಾಗಿಲು ತೆರೆಯುತ್ತಿತ್ತು. ನಾನು ಗಾಡಿ ಓಡಿಸಿದ ದಿನಗಳಲ್ಲೂ ಅಷ್ಟು ಚುರುಕಾಗಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ನನಗೇ ಆತುರವಾಯಿತು. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದಿದ್ದೆ. ಅಭ್ಯಾಸದಿಂದ ಕಣ್ಣು ಗೋಡೆ ಹುಡುಕಿತು. ನೂಲು ತೆಗೆಯುವ ಮನೆಗಳ ಗಲ್ಲಿ, ಜಗಲಿ ಜಗಲಿಯ ಮೇಲೂ ಹೆಂಗಸರು ಕೂತಿದ್ದಾರೆ. ಊರಾಚೆಗೆ ಹೋದರೂ ಈ ಕಾಲು ಇಟ್ಟುಕೊಂಡು ಮೋರಿಯ ಇಳಿಜಾರು ಇಳಿಯುವ ಹಾಗಿಲ್ಲ. ಬಸ್ ನಿಲ್ದಾಣಕ್ಕೆ ಹೋಗೋಣವೇ ಎಂದು ಕೇಳಿದೆ.

"ಹೋಗಬಹುದು ಸಾರ್. ನೀವಿದ್ದೀರಲ್ಲ, ಗಾಡಿ ಹತ್ರ ಒಬ್ರು ನಿಲ್ಲಬಹುದು. ನಾನೊಬ್ಳೇ ಇದ್ದಾಗ ಈ ಚೀಲಗಳನ್ನ ಯಾರ ಹತ್ರ ಬಿಟ್ಟು ಹೋಗ್ಲಿ? ಒಂದು ಪಾರ್ಸೆಲ್ ಕಮ್ಮಿಯಾದ್ರೂ ನನ್ನ ತಲೆ ಮೇಲೆ. ಹೆಗಲಿಗೆ ಹಾಕ್ಕೊಂಡು ಒಳಗೆ ಹೋಗೋಕಾಗುತ್ತಾ?"

ಅದೂ ನನ್ನ ತಲೆಗೆ ಬಂದಿರಲಿಲ್ಲ.

ಅವರು ಗಾಡಿ ತಿರುಗಿಸಿದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಹಸಿರು ಬಣ್ಣದ ಕಬ್ಬಿಣದ ಗೇಟು. ಅಕ್ಕ ಹಾರ್ನ್ ಒತ್ತಿದರು. ಒಬ್ಬ ಮುದುಕಿ ಗೇಟು ತೆಗೆದರು. ತಲೆ ತುಂಬ ಸೆರಗು, ಕೈಯಲ್ಲಿ ಜಪಮಾಲೆ. ಗಾಡಿ ಸೀದಾ ಅಂಗಳದೊಳಕ್ಕೆ ಹೋಯಿತು, ಗೇಟು ಹಿಂದೆ ಮುಚ್ಚಿಕೊಂಡಿತು. ಅಂಗಳದ ಆಚೆ ಶೆಡ್ಡಿನಲ್ಲಿ ಅವರ ಮಗ ನೂಲಿನ ಯಂತ್ರಗಳನ್ನು ಓಡಿಸುತ್ತಿದ್ದರು.

"ಎಲ್ಲಿ ಹೋಗ್ಬಿಟ್ಟಿದ್ದೆ ಬೇಟಿ? ತಿಂಗಳಾಯ್ತು" ಎಂದು ಮುದುಕಿ ಅಕ್ಕನ ಕೆನ್ನೆ ಮುಟ್ಟಿದರು. "ಏನು, ಹೀಗೆ ಸೊರಗಿದ್ದೀಯ?"

"ಹುಷಾರಿರ್ಲಿಲ್ಲ ಅಮ್ಮೀ" ಎಂದಷ್ಟೇ ಅಕ್ಕ ಹೇಳಿದರು. ನನ್ನ ಕಡೆ ಬೆರಳು ತೋರಿಸಲಿಲ್ಲ.

ಅಕ್ಕ ಒಳಗೆ ಹೋಗಿ ಬಂದರು. ಆಮೇಲೆ ಮುದುಕಿ ನನ್ನ ಕೋಲನ್ನೂ ಮುಖವನ್ನೂ ನೋಡಿ, ಏನನ್ನೂ ಕೇಳದೆ ಒಳಗಿನಿಂದ ನಡುವೆ ತೂತು ಕತ್ತರಿಸಿದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. "ನಮ್ಮ ಯಜಮಾನ್ರಿಗೆ ಮಾಡ್ಸಿದ್ದು ಬೇಟಾ. ಅವರಿಗೂ ಕಾಲು ಮಡಚೋಕಾಗಲ್ಲ. ನಮ್ಮನೇಲಿ ಎಲ್ರೂ ಕೂತೇ ಹೋಗೋದು. ಹೋಗು, ನಾಚ್ಕೋಬೇಡ."

ಆ ಕುರ್ಚಿ ಹಿಡಿದು ಬಚ್ಚಲ ಕಡೆ ಹೋಗುವಾಗ ನನಗಾದ ಸಂಕೋಚ, ಅದರ ಹಿಂದೆಯೇ ಬಂದ ಸಮಾಧಾನ, ಎರಡನ್ನೂ ಇಂದಿಗೂ ಮರೆತಿಲ್ಲ. ಹೊರಗೆ ಬಂದಾಗ ಅಕ್ಕ ಅಂಗಳದ ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರನ್ನು ಗಟಗಟ ಕುಡಿಯುತ್ತಿದ್ದರು.

"ಅಕ್ಕಾ, ತಪ್ಪಾಯ್ತು" ಅಂದೆ.

ಅವರು ಚೊಂಬು ಕೆಳಗಿಟ್ಟರು. "ನಿಮ್ದೇನು ತಪ್ಪು. ನಾನು ಬಾಯಿ ಬಿಡ್ಬೇಕಿತ್ತು."

"ನಾನು ಅವತ್ತು ಎಲ್ಲರ ಮುಂದೆ ಕೇಳ್ದೆ."

"ಹೂಂ, ಕೇಳಿದ್ರಿ" ಎಂದರು. ಆಮೇಲೆ ಮೊದಲ ಸಲ ನನ್ನನ್ನು ಸಾರ್ ಎನ್ನದೆ ಮಾತಾಡಿದರು. "ಅದೇ ನೋವಾಗಿದ್ದು ಕಣಪ್ಪ. ರೂಟ್ ಕತ್ತರಿಸಿದ್ದಲ್ಲ. ಕೆಲಸಗಳ್ಳಿ ಅಂದ್ಕೊಂಡ್ಯಲ್ಲ, ಅದು."

ಕೋಲಿನ ತುದಿಯಿಂದ ಅಂಗಳದ ಕಲ್ಲನ್ನು ಕೆರೆಯುತ್ತ ಕೂತೆ. ಮುದುಕಿ ಎರಡು ಲೋಟ ಚಹಾ ತಂದು ಕೊಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು.

ನಾವು ಅಲ್ಲಿ ಚಹಾ ಕುಡಿಯುತ್ತಿರುವಾಗಲೇ ಪಕ್ಕದ ಮನೆಯವರೊಬ್ಬರು ಗೇಟಿನಲ್ಲಿ ಇಣುಕಿದರು. ನೂಲಿನ ಸ್ಯಾಂಪಲ್ ಕಟ್ಟು ಬೆಂಗಳೂರಿಗೆ ಹೋಗಬೇಕು, ಈಗಲೇ ಕೊಟ್ಟರೆ ತಗೊಳ್ತೀರಾ ಎಂದರು. ಅವರ ಹಿಂದೆ ಇನ್ನೊಬ್ಬರು. ಆ ಗಲ್ಲಿಯಲ್ಲಿ ಕಳಿಸುವ ಮಾಲು ಇರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕಾಗಿ ಅಕ್ಕ ಮಧ್ಯಾಹ್ನ ಮತ್ತೆ ಬಂದು ಐದಾರು ಬಾಗಿಲು ಹತ್ತಿಳಿಯಬೇಕಿತ್ತು. ಒಬ್ಬರು ಮಲಗಿರುತ್ತಿದ್ದರು, ಒಬ್ಬರು ಕಟ್ಟು ಕಟ್ಟಿರುತ್ತಿರಲಿಲ್ಲ. ಈ ಹಸಿರು ಗೇಟಿಗೂ ಆ ಹೊತ್ತಿನಲ್ಲಿ ಒಳಗಿನಿಂದ ಬೀಗ.

"ಅಕ್ಕಾ, ದಿನಾ ಹನ್ನೊಂದಕ್ಕೆ ನೀವು ಇಲ್ಲಿ ಇರ್ತೀರಿ ಅಂತ ಇವರಿಗೆಲ್ಲಾ ಗೊತ್ತಿದ್ರೆ?" ಎಂದು ಕೇಳಿದೆ.

ಅವರಿಗೆ ತಕ್ಷಣ ಹೊಳೆಯಿತು. "ಅವರೇ ತಂದು ಇಲ್ಲಿ ಕೊಟ್ಟು ಹೋಗ್ತಾರೆ."

ಮುದುಕಿಯನ್ನು ಕೇಳಿದೆವು. ಅವರು ಮಗನನ್ನು ಕರೆದು ಕೇಳಿದರು. ಶೆಡ್ಡಿನ ಪಕ್ಕ ಒಂದು ಹಲಗೆ ಖಾಲಿ ಇದೆ, ಇಟ್ಟು ಹೋಗಲಿ ಎಂದರು ಮಗ. ಅದಕ್ಕೆ ಪ್ರತಿಯಾಗಿ ಏನು ಬೇಕು ಎಂದು ನಮ್ಮ ಆಫೀಸಿನ ಪರವಾಗಿ ಕೇಳಿದಾಗ ಮುದುಕಿಗೆ ಕೋಪವೇ ಬಂತು. "ಬಚ್ಚಲಿಗೆ ಬಾಡಿಗೆ ತಗೊಳ್ಳೋ ಮನೆಯಾ ಇದು?"

ಹೀಗೆ ನಾನು ಕತ್ತರಿಸಿದ ಸುತ್ತು ಮತ್ತೆ ರೂಟಿಗೆ ಬಂತು. ಈ ಸಲ ಕಾಗದದ ಮೇಲೆ, ಮಾಲು ಎತ್ತುವ ಜಾಗವೆಂದು ಬರೆಸಿಕೊಂಡು. ಸೀರೆಯವರ ಸಮಯವನ್ನು ಹನ್ನೆರಡಕ್ಕೆ ದೂಡಿದೆ. ಮಧ್ಯಾಹ್ನದ ಐದಾರು ಬಾಗಿಲುಗಳ ಅಲೆದಾಟ ತಪ್ಪಿತು. ಅಕ್ಕ ನಿಂತು ನೀರು ಕುಡಿದು, ಕೂತು ದಣಿವಾರಿಸಿಕೊಂಡು ಬಂದರೂ ಮೊದಲಿಗಿಂತ ಬೇಗ ಬರುತ್ತಿದ್ದರು.

ಉಳಿದ ರೂಟುಗಳ ಹುಡುಗರನ್ನು ಒಂದು ಭಾನುವಾರ ಕೂರಿಸಿಕೊಂಡೆ. "ಪ್ರತಿ ರೂಟಿನಲ್ಲೂ ಒಂದು ಜಾಗ ಬೇಕು. ಗಾಡಿ ಒಳಗೆ ನಿಲ್ಲಿಸಬೇಕು, ನೀರು ಸಿಗಬೇಕು, ಒಂದಕ್ಕೆ ಹೋಗೋ ಹಾಗಿರಬೇಕು. ಎಲ್ಲಿ ಆಗುತ್ತೆ, ನೀವೇ ಹೇಳಿ" ಅಂದೆ. "ನಮಗ್ಯಾಕಣ್ಣಾ ಅದೆಲ್ಲಾ" ಎಂದು ಚಿಂತಾಮಣಿಯವನು ನಕ್ಕ. ಗೌರಿಬಿದನೂರಿನವನು ಈ ಸಲ ನಗಲಿಲ್ಲ. ಎಲ್ಲರೂ ಹೋದ ಮೇಲೆ ಹಿಂದೆ ಉಳಿದು ಹೇಳಿದ: "ಅಣ್ಣಾ, ನಂಗೆ ಸಕ್ಕರೆ ಕಾಯಿಲೆ ಶುರುವಾಗಿ ಆರು ತಿಂಗಳಾಯ್ತು. ಗಂಟೆಗೊಂದ್ಸಲ ಹೋಗ್ಬೇಕು. ಕೆಲಸದಿಂದ ತೆಗೀತೀರೇನೋ ಅಂತ ಯಾರಿಗೂ ಹೇಳಿರ್ಲಿಲ್ಲ." ಅಕ್ಕನನ್ನು ನೋಡಿ ನಕ್ಕವನು ಇವನೇ ಎಂದು ನೆನಪಿಸಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವತ್ತು ಅವನ ಕಣ್ಣಲ್ಲಿ ಹೆದರಿಕೆ ಇತ್ತು.

ಜಾಗಗಳನ್ನು ಕೇಳಲು ನಾನೇ ಹೋದೆ. ಬಸ್ಸಿನಲ್ಲಿ, ಆಟೋದಲ್ಲಿ. ಕೆಲವರು ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಎಂದರು. ಒಬ್ಬ ಅಂಗಡಿಯವರು ಆಯಿತೆಂದು ಹೇಳಿ ಮರುದಿನ ಬೀಗ ಹಾಕಿಕೊಂಡರು. ಗೌರಿಬಿದನೂರಿನಲ್ಲಿ ಒಬ್ಬ ಗೊಬ್ಬರದ ಅಂಗಡಿಯವರು ತಮ್ಮ ಗೋಡೌನಿನ ಬೀಗದ ಕೈಯನ್ನೇ ಕೊಟ್ಟರು. ಚಿಂತಾಮಣಿಯಲ್ಲಿ ಒಬ್ಬ ಟೈಲರಮ್ಮ ತೆಲುಗಿನಲ್ಲೇ ಬೈದು, ಆಮೇಲೆ ತೆಲುಗಿನಲ್ಲೇ ಒಪ್ಪಿದರು. ಹುಡುಗರಿಗೆ ಮಾತ್ರ ಅಲ್ಲ, ಹೆಂಗಸರು ಬಂದರೂ ಸರಿ ಎಂದರು.

ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ರೂಟುಗಳನ್ನು ಪರಿಶೀಲಿಸುವ ಅಧಿಕಾರಿಯೊಬ್ಬರು ಬಂದರು. ಕಂಪ್ಯೂಟರ್ ಹೇಳಿದ ದಾರಿ ಬಿಟ್ಟು ಹೋದದ್ದೆಲ್ಲ ಅವರ ಲ್ಯಾಪ್‌ಟಾಪಿನಲ್ಲಿ ಕೆಂಪಾಗಿತ್ತು. ಶಿಡ್ಲಘಟ್ಟದ ಸುತ್ತು ಎಲ್ಲಕ್ಕಿಂತ ಕೆಂಪು. ಇದೇನು ಎಂದು ಕೇಳಿದರು. ಯಜಮಾನರು ನನ್ನ ಕಡೆ ನೋಡಿದರು. ಮಾಲು ಎತ್ತುವ ಜಾಗ ಎಂದು ನಾನು ಶುರು ಮಾಡುವಷ್ಟರಲ್ಲಿ ಬಾಗಿಲ ಬಳಿ ಚೀಲ ಇಳಿಸುತ್ತಿದ್ದ ಅಕ್ಕ ಮುಂದೆ ಬಂದರು.

"ನಾನು ಒಂದಕ್ಕೆ ಹೋಗೋ ಜಾಗ ಸಾರ್" ಅಂದರು.

ಅಧಿಕಾರಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು.

"ಮಾಲೂ ಎತ್ಕೊಂಡು ಬರ್ತೀನಿ, ಅದು ನಿಜ. ಆದ್ರೆ ಮಾಲು ಇಲ್ದೇ ಇದ್ರೂ ಅಲ್ಲಿಗೆ ಹೋಗ್ತೀನಿ. ನೀವು ಅದನ್ನ ಕೆಂಪು ಮಾಡಿದ್ರೂ ಹೋಗ್ತೀನಿ. ಒಂದ್ಸಲ ಹೋಗ್ದೆ ಇದ್ದು ಹತ್ತು ದಿನ ಮಲಗಿದ್ದೆ. ಆ ಹತ್ತು ದಿನ ಎಷ್ಟು ಪಾರ್ಸೆಲ್ ವಾಪಸ್ ಬಂತು ಅಂತ ನಿಮ್ಮ ಕಂಪ್ಯೂಟರ್‌ನಲ್ಲಿ ಇರ್ಬೇಕಲ್ಲ, ನೋಡಿ."

ಅಧಿಕಾರಿ ಚಿಕ್ಕ ವಯಸ್ಸಿನವರು. ಕಿವಿ ಕೆಂಪಾಯಿತು. ನಿಜವಾಗಿಯೂ ನೋಡಿದರು. ಬಹಳ ಹೊತ್ತು ಪರದೆ ದಿಟ್ಟಿಸಿ, "ಇದನ್ನ ಪರ್ಮನೆಂಟ್ ಸ್ಟಾಪ್ ಅಂತ ಹಾಕ್ತೀನಮ್ಮ" ಎಂದರು. ಹೊರಡುವಾಗ ನನ್ನನ್ನು ಬದಿಗೆ ಕರೆದು, ಬೇರೆ ಊರುಗಳಲ್ಲಿ ಹೆಂಗಸರು ಎರಡೇ ತಿಂಗಳಿಗೆ ಕೆಲಸ ಬಿಟ್ಟು ಹೋಗುತ್ತಾರೆ, ಯಾಕೆಂದು ಯಾರೂ ಹೇಳಿರಲಿಲ್ಲ ಎಂದರು.

"ಕೇಳಿದ್ರಾ?" ಅಂದೆ.

"ಇಲ್ಲ" ಎಂದು ಒಪ್ಪಿಕೊಂಡರು.

ಅದಾದ ಮೇಲೆ ನಮ್ಮಲ್ಲಿ ಇನ್ನಿಬ್ಬರು ಹೆಂಗಸರು ಸೇರಿದರು. ಅವರಿಗೆ ಗಲ್ಲಿಗಳನ್ನು ತೋರಿಸಿದವರು, ಚೀಲ ಜೋಡಿಸುವುದನ್ನು ಕಲಿಸಿದವರು ಅಕ್ಕ. ಕಳೆದ ವರ್ಷ ಯಜಮಾನರು ಚಿಂತಾಮಣಿಯಲ್ಲಿ ಬೇರೆ ಆಫೀಸು ತೆರೆದರು. ಅಲ್ಲಿ ರೂಟ್ ಹಾಕಲು ಯಾರು ಎಂಬ ಮಾತು ಬಂದಾಗ ನಾನು ಒಂದೇ ಹೆಸರು ಹೇಳಿದೆ. "ನಂಗೆ ಕಂಪ್ಯೂಟರ್ ಬರಲ್ವಲ್ಲ" ಎಂದು ಅವರು ಹಿಂಜರಿದರು. ಒಂದು ತಿಂಗಳು ದಿನವೂ ಸಂಜೆ ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕಲಿತರು. ಕೀಲಿಮಣೆಯ ಮೇಲೆ ಒಂದೇ ಬೆರಳು ಓಡಾಡುತ್ತಿತ್ತು. ಆದರೆ ಯಾವ ಮನೆ ಯಾವುದರ ಹಿಂದೆ ಬರಬೇಕೆಂದು ಯಂತ್ರಕ್ಕಿಂತ ಮೊದಲೇ ಹೇಳುತ್ತಿದ್ದರು.

ಚಿಂತಾಮಣಿಗೆ ಹೋದ ಮೊದಲ ದಿನ ಬೆಳಿಗ್ಗೆ ಫೋನ್ ಮಾಡಿದರು.

"ಇಲ್ಲಿ ಮೂರು ರೂಟು ಕಣಪ್ಪ. ಹಾಳೆ ಇನ್ನೂ ಮಾಡಿಲ್ಲ."

"ಯಾಕಕ್ಕಾ? ಎಂಟೂವರೆ ಆಯ್ತಲ್ಲ. ನಾನು ಓಡಿಸಿದ ರೂಟುಗಳು ಅವು, ಬೇಕಾದ್ರೆ ಇಲ್ಲಿಂದಲೇ ಹಾಕಿ ಕಳಿಸ್ತೀನಿ."

"ಬೇಡ. ಮೂರರಲ್ಲೂ ಒಂದೊಂದು ದಿನ ನಾನೇ ಹಿಂದೆ ಕೂತು ಹೋಗಿ ಬರ್ತೀನಿ. ಆಮೇಲೆ ಹಾಕ್ತೀನಿ."

"ಮೂರು ದಿನ ತಡ ಆಗುತ್ತಲ್ಲಕ್ಕಾ. ಯಜಮಾನ್ರು ಕೇಳಿದ್ರೆ?"

"ಕೇಳ್ಲಿ ಬಿಡು, ನಾನೇ ಹೇಳ್ತೀನಿ" ಎಂದರು. ಹಿಂದೆ ಯಾರೋ ಗಾಡಿ ಸ್ಟಾರ್ಟ್ ಮಾಡಿದ ಸದ್ದು ಕೇಳಿತು. "ಇಡ್ತೀನಪ್ಪ, ಚೀಲ ತುಂಬಿ ಆಯ್ತು."

ಆ ವಾರ ಚಿಂತಾಮಣಿಯ ಪಾರ್ಸೆಲ್‌ಗಳು ತಡವಾದವು. ನಾಲ್ಕನೆಯ ದಿನ ಅಕ್ಕ ಕಳಿಸಿದ ಹಾಳೆ ನನ್ನ ಕಂಪ್ಯೂಟರಿಗೆ ಬಂತು. ಟೊಮ್ಯಾಟೊ ಮಾರ್ಕೆಟ್ಟಿನ ರಸ್ತೆಯನ್ನು ನಾನು ಯಾವಾಗಲೂ ಬೆಳಿಗ್ಗೆ ಮೊದಲು ಹಾಕುತ್ತಿದ್ದೆ. ಅವರು ಅದನ್ನು ತೆಗೆದು, ಕ್ರೇಟು ತುಂಬಿದ ಗಾಡಿಗಳೆಲ್ಲ ಹೊರಟುಹೋದ ಮೇಲೆ, ಮಧ್ಯಾಹ್ನಕ್ಕೆ ಇಟ್ಟಿದ್ದರು.